ಬರೆಯುವ ಕೈ, ಸಹಿ ಹಾಕುವ ಕೈ

ಪಿಯುಸಿ ಫಲಿತಾಂಶ ಬಂದು, ಅದರ ಬೆನ್ನಿಗೇ ನೀಟ್ ರ‍್ಯಾಂಕೂ ಬಂದು, ಸರ್ಕಾರಿ ಸೀಟಿನ ಆಸೆ ಕೈಬಿಟ್ಟ ಮೇಲೆ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. “ಎಂಬಿಬಿಎಸ್ ಅಂತೂ ಆಗ್ಲಿಲ್ಲ. ಫಿಸಿಷಿಯನ್ ಅಸಿಸ್ಟೆಂಟ್ ಅಂತ ಒಂದು ಕೋರ್ಸ್ ಇದೆಯಂತೆ, ಹೆಚ್ಚುಕಡಿಮೆ ಡಾಕ್ಟರೇ ಅಂತೆ, ಅಮೆರಿಕದಲ್ಲಿ ವರ್ಷಕ್ಕೆ ಕೋಟಿ ಕೊಡ್ತಾರಂತೆ. ಮಗಳನ್ನ ಅದಕ್ಕೆ ಸೇರಿಸಿದ್ರೆ ಹೇಗೆ?” ಈ ಮೂರು ಅಂತೆಗಳಲ್ಲಿ ಮೊದಲನೆಯದು ನಿಜ, ಎರಡನೆಯದು ಅರ್ಧ ನಿಜ, ಮೂರನೆಯದು ಬೇರೆ ದೇಶದ ಬೇರೆಯೇ ಕೋರ್ಸಿನ ಮಾತು. ಮೂರನ್ನೂ ಒಂದೇ ಗಂಟು ಕಟ್ಟಿ ಫೀಸು ಕಟ್ಟುವವರನ್ನು ನೋಡಿದಾಗ ಕಸಿವಿಸಿಯಾಗುತ್ತದೆ. ಕೋರ್ಸು ಕೆಟ್ಟದೆಂದಲ್ಲ. ಅದು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂದು ಸೇರುವ ಮುಂಚೆ ಯಾರೂ ಬಿಡಿಸಿ ಹೇಳುವುದಿಲ್ಲ.

ಬೆಂಗಳೂರಿನ ಯಾವುದಾದರೂ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆ ಆದವರ ಕೇಸ್‌ಶೀಟ್ ತಿರುವಿ ಹಾಕಿ. ಅಡ್ಮಿಷನ್ ನೋಟ್, ಹಳೆಯ ಕಾಯಿಲೆಗಳ ವಿವರ, ದಿನದಿನದ ಪ್ರೋಗ್ರೆಸ್ ನೋಟ್, ಕೊನೆಗೆ ಡಿಸ್ಚಾರ್ಜ್ ಸಮ್ಮರಿ ಎಲ್ಲವೂ ಬಹುಪಾಲು ಒಂದೇ ಕೈಬರಹದಲ್ಲಿ ಅಥವಾ ಒಂದೇ ಲಾಗಿನ್‌ನಲ್ಲಿ ಇರುತ್ತವೆ. ಕೆಳಗಿನ ಸಹಿ ಮಾತ್ರ ಬೇರೆಯವರದು. ಬರೆದವರು ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ಪಿಎ; ಸಹಿ ಹಾಕಿದವರು ಸರ್ಜನ್. ಈ ವೃತ್ತಿಯ ಸುಖ, ಕಿರಿಕಿರಿ, ಭವಿಷ್ಯ ಎಲ್ಲವೂ ಆ ಎರಡು ಕೈಗಳ ನಡುವಿನ ಜಾಗದಲ್ಲೇ ಇದೆ. ರೋಗಿಯ ಬಗ್ಗೆ ತಿಳಿಯುವುದನ್ನು ಕೋರ್ಸು ಕಲಿಸುತ್ತದೆ. ತಿಳಿದದ್ದಕ್ಕೆ ಸಹಿ ಹಾಕುವ ಹಕ್ಕನ್ನು ಕೊಡಬೇಕಾದದ್ದು ಕಾನೂನು. ನಮ್ಮಲ್ಲಿ ಕೋರ್ಸು 1992ರಲ್ಲೇ ಬಂತು. ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅದನ್ನು ಶುರು ಮಾಡಿದರು. ಅದು ಹೃದಯ ವಿಭಾಗದಲ್ಲೇ ಹುಟ್ಟಿದ್ದಕ್ಕೆ ಕಾರಣವಿದೆ: ಬೈಪಾಸ್ ಆಪರೇಷನ್‌ಗೆ ನುರಿತ ಎರಡನೇ ಜೋಡಿ ಕೈ ದಿನವೂ ಬೇಕು, ಆಪರೇಷನ್ ಮುಗಿದ ಮೇಲೆ ರೋಗಿಯನ್ನು ಗಂಟೆಗಂಟೆಗೂ ನೋಡುವ ಕಣ್ಣು ಬೇಕು, ಮೂರು ವರ್ಷಕ್ಕೆ ಓದು ಮುಗಿಸಿ ಹೊರಟುಹೋಗುವ ಪಿಜಿ ವಿದ್ಯಾರ್ಥಿಗಳನ್ನೇ ನಂಬಿಕೊಂಡು ಘಟಕ ನಡೆಸುವುದು ಕಷ್ಟ. ಇಂದು ಮೂಳೆ, ನರ, ಮೂತ್ರಪಿಂಡ, ಕ್ಯಾನ್ಸರ್ ವಿಭಾಗಗಳಲ್ಲೂ ಪಿಎಗಳಿದ್ದಾರೆ. ಆದರೂ ಈ ಕೆಲಸವನ್ನು ಹತ್ತಿರದಿಂದ ನೋಡಬೇಕಾದರೆ ಹೃದಯ ವಿಭಾಗಕ್ಕೇ ಹೋಗಬೇಕು.

“ಗ್ಯಾಸ್ಟ್ರಿಕ್ ಐತ್ರಿ ನಂಗ”

ಗದಗದ ಕಡೆಯ ಒಬ್ಬ ಹಿರಿಯರು ಓಪಿಡಿಗೆ ಬರುತ್ತಾರೆ. ಸರ್ಜನ್ ನೋಡುವ ಮೊದಲು ಇತಿಹಾಸ ಬರೆದುಕೊಳ್ಳುವ ಕೆಲಸ ಪಿಎಯದು.

“ಎದ್ಯಾಗ ಗ್ಯಾಸ್ ತುಂಬ್ಕೊಂಡಂಗ ಆಗ್ತೈತ್ರಿ ಮೇಡಮ್ಮಾರ. ಗ್ಯಾಸ್ಟ್ರಿಕ್ ಐತ್ರಿ ನಂಗ.”

“ಯಾವಾಗ ಆಗ್ತೈತ್ರಿ ಅಜ್ಜಾರ, ಉಂಡ ಮ್ಯಾಲೇನು, ನಡದಾಗೇನು?”

“ಹೊಲಕ್ಕ ಹೊಂಟಾಗ. ಏರಿ ಹತ್ತಿದ್ರ ಜಗ್ಗಿ.”

“ನಿಂತ್ರ?”

“ನಿಂತ್ರ ಹೋಗ್ತೈತ್ರಿ. ಸ್ವಲ್ಪ ಕುಂತು ಮತ್ತ ಹೋಗ್ತೀನಿ. ಮದ್ಲ ಹನಮಪ್ಪನ ಗುಡಿ ತನಕ ಏನೂ ಆಗ್ತಿರಲಿಲ್ಲ. ಈಗ ಓಣಿ ದಾಟೂದ್ರಾಗ ಹಿಡಕೋತೈತಿ.”

ಈ ಐದಾರು ಮಾತಿನಲ್ಲಿ ರೋಗನಿರ್ಣಯದ ಮುಕ್ಕಾಲು ಪಾಲು ಮುಗಿಯಿತು. ಶ್ರಮಪಟ್ಟಾಗ ಬರುವುದು, ನಿಂತರೆ ಹೋಗುವುದು, ಬರುವ ದೂರ ದಿನೇದಿನೇ ಕಡಿಮೆಯಾಗುತ್ತಿರುವುದು: ಇದು ಹೊಟ್ಟೆಯದಲ್ಲ, ಹೃದಯದ್ದು, ಅದೂ ಹದಗೆಡುತ್ತಿರುವ ಹೃದಯದ್ದು. ಪಿಎ ಇಲ್ಲಿ ರೋಗಿ ಕೊಟ್ಟ ಹೆಸರನ್ನೇ ನಂಬಿ “ಅಸಿಡಿಟಿಯ ದೂರು” ಎಂದು ಬರೆದುಬಿಟ್ಟರೆ ಮುಂದಿನವರೆಲ್ಲ ಅದೇ ಗೆರೆಯ ಮೇಲೆ ನಡೆಯುವ ಅಪಾಯವಿದೆ. ಗುಡಿಯ ದೂರ, ಓಣಿಯ ದೂರ, ಎಷ್ಟು ತಿಂಗಳಲ್ಲಿ ಈ ಬದಲಾವಣೆ ಆಯಿತು ಎಂಬುದನ್ನು ಕೇಳಿ ಬರೆದವಳು ಆ ದಿನ ಸರ್ಜನ್ನರಷ್ಟೇ ದೊಡ್ಡ ಕೆಲಸ ಮಾಡಿದ್ದಾಳೆ. ಕನ್ನಡ ಬಲ್ಲ ಪಿಎಗೆ, ಅದರಲ್ಲೂ ಬೀದರದಿಂದ ಚಾಮರಾಜನಗರದವರೆಗಿನ ಮಾತು ತಿಳಿಯುವವಳಿಗೆ ಇರುವ ಬೆಲೆ ಇದು. ಸಂಬಳದ ಚೀಟಿಯಲ್ಲಿ ಅದಕ್ಕೆ ಪ್ರತ್ಯೇಕ ಕಲಂ ಇಲ್ಲ ಅನ್ನುವುದು ಬೇರೆ ಮಾತು.

ಮುಂದಿನದು ಮಾತ್ರೆಗಳ ಪ್ಲಾಸ್ಟಿಕ್ ಕವರು. ಇಲ್ಲಿ ಆಗುವ ಎಡವಟ್ಟು ಎಲ್ಲ ಆಸ್ಪತ್ರೆಗಳಲ್ಲೂ ಒಂದೇ ಥರ. ಬೈಪಾಸ್‌ಗೆ ಮುಂಚೆ ಆಸ್ಪಿರಿನ್ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಕ್ಲೊಪಿಡೊಗ್ರೆಲ್ ಐದು ದಿನ, ಪ್ರಾಸುಗ್ರೆಲ್ ಏಳು ದಿನ, ಟಿಕಗ್ರೆಲಾರ್ ಕನಿಷ್ಠ ಮೂರು ದಿನ ಮೊದಲು ನಿಲ್ಲಬೇಕು. “ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಿದ್ದೀರಾ?” ಎಂದರೆ ರೋಗಿ ತಲೆಯಾಡಿಸುತ್ತಾರೆ. ಒಂದು ಸ್ಟ್ರಿಪ್ ನಿಲ್ಲಿಸಿದ್ದೂ ನಿಜ. ಆದರೆ “ಕೊಲೆಸ್ಟ್ರಾಲ್ ಮಾತ್ರೆ” ಎಂದು ದಿನಾ ರಾತ್ರಿ ನುಂಗುತ್ತಿರುವ ಕ್ಯಾಪ್ಸೂಲಿನಲ್ಲಿ ಸ್ಟ್ಯಾಟಿನ್ ಜೊತೆಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಸೇರಿರುತ್ತವೆ. ನಮ್ಮ ದೇಶದಲ್ಲಿ ಇಂಥ ತ್ರೀ-ಇನ್-ಒನ್ ಕ್ಯಾಪ್ಸೂಲ್ ಬಹಳ. ಆದ್ದರಿಂದ ಬಾಯಿಮಾತು ಸಾಲದು, ಪ್ರತಿ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೊಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಆಪರೇಷನ್ ಆದ ಮೇಲೆ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು, ಸಕ್ಕರೆ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇರಬಹುದು. ಗ್ಲೂಕೋಮೀಟರ್ ನೋಡಿ ನೆಮ್ಮದಿಯಾಗುವವರು ಮೋಸಹೋಗುವುದು ಇಲ್ಲೇ.

ಕಾಲಿನ ರಕ್ತನಾಳ, ಎದೆಯ ಡ್ರೈನ್

ಆಪರೇಷನ್ ಥಿಯೇಟರಿನಲ್ಲಿ, ಅಂದರೆ ಓಟಿಯಲ್ಲಿ, ಪಿಎ ಮಾಡುವ ಅತಿ ಜವಾಬ್ದಾರಿಯ ಕೆಲಸ ಕಾಲಿನಿಂದ ಸಫೀನಸ್ ಎಂಬ ರಕ್ತನಾಳ ತೆಗೆಯುವುದು; ಬೈಪಾಸ್‌ನಲ್ಲಿ ಮುಚ್ಚಿದ ನಾಳಕ್ಕೆ ಬದಲು ದಾರಿಯಾಗಿ ಹೃದಯದ ಮೇಲೆ ಹೊಲಿಯುವುದು ಇದನ್ನೇ. ಸರ್ಜನ್ ಎದೆ ತೆರೆಯುವ ಹೊತ್ತಿಗೆ ಕಾಲಿನ ಕಡೆಯ ಕೆಲಸವೂ ಸಾಗಿರುತ್ತದೆ. ಒಳಪಾದದ ಗೆಣ್ಣಿನ ಸ್ವಲ್ಪ ಮುಂದೆ, ಮೇಲ್ಗಡೆ, ಆ ನಾಳ ಸಿಗುವ ಜಾಗ ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ. ಅಲ್ಲಿಂದ ಮೇಲಕ್ಕೆ ಬಿಡಿಸುತ್ತ ಹೋಗಬೇಕು. ನಾಳದ ಮೇಲೇ ಕತ್ತರಿ ಆಡಿಸದೆ ಓರೆಯಾಗಿ ಚರ್ಮ ಸೀಳಿಕೊಂಡರೆ ಚರ್ಮದಡಿ ಪದರ ಎದ್ದು ಅದಕ್ಕೆ ರಕ್ತ ಸಾಲದೆ ಗಾಯದ ಅಂಚು ಕಪ್ಪಗಾಗುತ್ತದೆ, ಸಕ್ಕರೆ ಕಾಯಿಲೆಯವರಲ್ಲಂತೂ ವಾರಗಟ್ಟಲೆ ಒಣಗುವುದಿಲ್ಲ. ನಾಳಕ್ಕೆ ಅಂಟಿಕೊಂಡೇ ಒಂದು ನರ ಓಡುತ್ತದೆ. ಅದನ್ನು ಎಳೆದಾಡಿದರೆ ಕಾಲಿನ ಒಳಮಗ್ಗುಲು ಮರಗಟ್ಟುತ್ತದೆ. ಎದೆ ವಾಸಿಯಾಗಿ ಎಷ್ಟೋ ತಿಂಗಳಾದ ಮೇಲೂ ರೋಗಿ ಕಾಲಿನ ಬಗ್ಗೆಯೇ ದೂರುತ್ತಿರುತ್ತಾರೆ.

ನಿಜವಾದ ಕುಸುರಿ ಇರುವುದು ಪಕ್ಕದ ಕವಲುಗಳಲ್ಲಿ. ಪ್ರತಿ ಕವಲನ್ನೂ 4-0 ರೇಷ್ಮೆ ದಾರದಿಂದ ಕಟ್ಟಬೇಕು ಅಥವಾ ಕ್ಲಿಪ್ ಹಾಕಬೇಕು. ಮುಖ್ಯ ನಾಳಕ್ಕೆ ತೀರಾ ಒತ್ತಿ ಕಟ್ಟಿದರೆ ಅಲ್ಲಿ ಸೊಂಟ ಕಟ್ಟಿದಂತೆ ಕಿರಿದಾಗುತ್ತದೆ. ತೀರಾ ದೂರ ಕಟ್ಟಿದರೆ ಉಳಿದ ಚಿಕ್ಕ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೊರತೆಗೆದ ಮೇಲೆ ಸೋರಿಕೆ ನೋಡಲು ಹೆಪಾರಿನ್ ಬೆರೆಸಿದ ದ್ರವವನ್ನು ಸಿರಿಂಜಿನಲ್ಲಿ ಬಿಡುತ್ತಾರೆ. ಹೊಸಬರು ಉತ್ಸಾಹದಲ್ಲಿ ಜೋರಾಗಿ ಒತ್ತಿ ನಾಳ ಉಬ್ಬಿಸುತ್ತಾರೆ. ಒಳಪದರ ಹಾಳಾಗುವುದು ಹಾಗೆ. ಅದರ ಪರಿಣಾಮ ಅಂದು ಕಾಣಿಸದೆ, ಮುಂದೊಂದು ದಿನ ಹೊಲಿದ ಆ ನಾಳವೇ (ಗ್ರಾಫ್ಟ್) ಮುಚ್ಚಿಕೊಂಡಾಗ ಕಾಣಿಸುತ್ತದೆ. ನಾಳದೊಳಗಿನ ಕವಾಟಗಳು ರಕ್ತವನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಅದನ್ನು ತಲೆಕೆಳಗು ಮಾಡಿ ಹೊಲಿಯಬೇಕು. ಹಾಗಾಗಿ ಪಾದದ ಕಡೆಯ ತುದಿ ಯಾವುದೆಂದು ಮೊದಲೇ ಗುರುತು ಹಾಕಿಕೊಡುವುದೂ ಪಿಎ ಕೆಲಸ. ಇದೆಲ್ಲ ಪಠ್ಯಪುಸ್ತಕ ಓದಿ ಬರುವುದಲ್ಲ. ಇಂಟರ್ನ್‌ಶಿಪ್ಪಿನಲ್ಲಿ ಕೈಗೆ ಕತ್ತರಿ ಕೊಡದ ಕಾಲೇಜಿನಿಂದ ಹೊರಬಂದವರಿಗೆ ಇದು ಬರುವುದೇ ಇಲ್ಲ.

ಇನ್ನೊಂದು ದೃಶ್ಯ ಐಸಿಯುದ್ದು. ಆಪರೇಷನ್ ಆದ ರಾತ್ರಿ. ಎದೆಯೊಳಗಿನ ಡ್ರೈನ್ (ರಕ್ತ ಹೊರಕ್ಕೆ ಹರಿಸುವ ಟ್ಯೂಬು) ಗಂಟೆಗೆ ನೂರೈವತ್ತು, ನೂರಿಪ್ಪತ್ತು ಮಿಲಿಲೀಟರ್ ರಕ್ತ ತರುತ್ತಿತ್ತು. ನಡುರಾತ್ರಿ ದಾಟಿದ ಮೇಲೆ ಅದು ಇದ್ದಕ್ಕಿದ್ದಂತೆ ಐದಕ್ಕೆ ಇಳಿಯಿತು. ಹೊಸದಾಗಿ ಸೇರಿದ ಹುಡುಗ ಚಾರ್ಟಿನಲ್ಲಿ ಅಂಕಿ ಬರೆದು “ಬ್ಲೀಡಿಂಗ್ ನಿಂತಿದೆ” ಎಂದು ಸಮಾಧಾನಪಟ್ಟುಕೊಂಡ. ಹಿರಿಯ ಪಿಎ ಆ ಅಂಕಿ ನೋಡಿ ಗಾಬರಿಯಾದಳು. ಹಾಗೆ ಓಡುತ್ತಿದ್ದ ರಕ್ತ ತನ್ನಷ್ಟಕ್ಕೆ ಒಮ್ಮೆಲೇ ನಿಲ್ಲುವುದು ಅಪರೂಪ; ಕಡಿಮೆಯಾಗುವುದಾದರೆ ಗಂಟೆಗಂಟೆಗೆ ಇಳಿಯುತ್ತ ಬರುತ್ತದೆ. ಒಮ್ಮೆಲೇ ನಿಂತಿತೆಂದರೆ ಟ್ಯೂಬಿನಲ್ಲಿ ಹೆಪ್ಪು ಸಿಕ್ಕಿಕೊಂಡು, ರಕ್ತವೆಲ್ಲ ಹೃದಯದ ಸುತ್ತ ತುಂಬುತ್ತಿರಬಹುದು. ಅವಳು ಟ್ಯೂಬ್ ಎಲ್ಲಾದರೂ ಮಡಚಿದೆಯೇ, ಸಕ್ಷನ್ ಓಡುತ್ತಿದೆಯೇ ಎಂದು ನೋಡಿ, ಕಣ್ಣನ್ನು ಮಾನಿಟರ್ ಕಡೆ ತಿರುಗಿಸಿದಳು. ಬಿಪಿ 110ರಿಂದ 88ಕ್ಕೆ, ಸಿವಿಪಿ (ಹೃದಯಕ್ಕೆ ರಕ್ತ ಮರಳುವ ದೊಡ್ಡ ನಾಳದ ಒತ್ತಡ) 8ರಿಂದ 17ಕ್ಕೆ, ನಾಡಿ ಮೇಲಕ್ಕೆ, ಕೊನೆಯ ಗಂಟೆಯ ಮೂತ್ರ ಹನ್ನೆರಡೇ ಮಿಲಿಲೀಟರ್. ಒತ್ತಡ ಬಿದ್ದಾಗ ದ್ರವ ಸಾಲದೆಂದು ಬಾಟಲಿ ಏರಿಸುವುದು ಸಹಜ. ಆದರೆ ರಕ್ತ ಕಡಿಮೆಯಾಗಿ ಬಿಪಿ ಬಿದ್ದಿದ್ದರೆ ಸಿವಿಪಿಯೂ ಬೀಳಬೇಕಿತ್ತು. ಇಲ್ಲಿ ಅದು ಏರಿದೆ, ಅಂದರೆ ಸುತ್ತ ತುಂಬಿದ ರಕ್ತ ಹೃದಯವನ್ನು ಒತ್ತುತ್ತಿರಬೇಕು. ಅವಳು ಸರ್ಜನ್ನರಿಗೆ ಫೋನ್ ಮಾಡಿ ನಾಲ್ಕೇ ಅಂಕಿ ಹೇಳಿದಳು, ಎಕೋ ಯಂತ್ರ ತರಿಸಿದಳು, ಎದೆ ಮತ್ತೆ ತೆರೆಯುವ ಟ್ರೇ ಹಾಸಿಗೆ ಪಕ್ಕಕ್ಕೆ ತರಿಸಿದಳು, ರಕ್ತನಿಧಿಗೆ ಹೇಳಿಕಳಿಸಿದಳು. ಎಲ್ಲ ಹತ್ತು ನಿಮಿಷದೊಳಗೆ.

ಇಂಥ ಕಡೆ ಯಾರ ಹೆಸರಿನ ಮುಂದೆ ಏನಿದೆ ಎಂಬುದು ರೋಗಿಯ ಪ್ರಾಣಕ್ಕೆ ಸಂಬಂಧಿಸಿದ್ದಲ್ಲ. ಬೆಳಿಗ್ಗೆ ಬರೆಯುವ ನೋಟಿಗೆ ಮಾತ್ರ ಸಂಬಂಧಿಸಿದ್ದು.

ಪೆನ್ನಿಗೆ ಇರುವ ಭಾರ

ಸಹಿ ಇಲ್ಲದ ಪೆನ್ನಿಗೆ ತೂಕ ಇಲ್ಲ ಎಂದುಕೊಳ್ಳಬೇಡಿ. ವಿಮೆಯ ಕಾಗದಗಳನ್ನೇ ನೋಡಿ. ಕ್ಯಾಶ್‌ಲೆಸ್ ಆಗಲಿ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಅನುಮೋದನೆಯಾಗಲಿ, ಆಂಜಿಯೋ ವರದಿಯಿಂದ ಹಿಡಿದು ಕವಾಟದ ಪೆಟ್ಟಿಗೆಯ ಸ್ಟಿಕ್ಕರ್‌ವರೆಗೆ ಹೊಂದಿಸುವ ಕೆಲಸ ಪಿಎ ತಲೆಗೆ ಬೀಳುವುದೇ ಹೆಚ್ಚು. ಅಡ್ಮಿಷನ್ ದಿನ ಜೊತೆಗೆ ಬಂದ ಮಗನನ್ನು “ಶುಗರ್ ಎಷ್ಟು ವರ್ಷದಿಂದ?” ಎಂದು ಕೇಳುತ್ತಾರೆ. ಅವನು “ಒಂದ್ ಹತ್ತು ವರ್ಷ ಆಗಿರ್ಬೇಕು” ಎನ್ನುತ್ತಾನೆ. ಕೇಸ್‌ಶೀಟಿಗೆ “10 ವರ್ಷದಿಂದ ಮಧುಮೇಹ” ಎಂದು ಹೋಗುತ್ತದೆ. ಪಾಲಿಸಿ ಮಾಡಿಸಿದ್ದು ನಾಲ್ಕು ವರ್ಷದ ಹಿಂದೆ, ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲ ಎಂದಿದೆ. ಮುಚ್ಚಿಟ್ಟರೆಂದು ವಿಮೆಯವರು ಪ್ರಶ್ನೆ ಎತ್ತುತ್ತಾರೆ. ಮೊದಲ ಬಾರಿ ಸಕ್ಕರೆ ಪತ್ತೆಯಾದ ಚೀಟಿ ಇದೆಯೇ, ಮಾತ್ರೆ ಶುರುವಾದದ್ದು ಯಾವಾಗ ಎಂದು ಇನ್ನೆರಡು ಪ್ರಶ್ನೆ ಕೇಳಿದ್ದರೆ ನಿಜವಾದ ಉತ್ತರ ಮೂರು ವರ್ಷ ಎಂದು ತಿಳಿಯುತ್ತಿತ್ತು. ಒಮ್ಮೆ ಬರೆದದ್ದನ್ನು ಆಮೇಲೆ ತಿದ್ದಿದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಡಿಸ್ಚಾರ್ಜ್ ಸಮ್ಮರಿಯ ಶತ್ರು ಕಾಪಿ-ಪೇಸ್ಟ್. ಹಿಂದಿನ ರೋಗಿಯ ಫೈಲ್ ತೆರೆದು ಹೆಸರು ಬದಲಿಸಿ ಶುರು ಮಾಡಿದರೆ ಎಡಗಾಲು ಬಲಗಾಲಾಗುತ್ತದೆ, ಆಪರೇಷನ್ನಿಗೆ ಮುಂಚಿನ ಎಕೋ ಅಂಕಿ ಆಮೇಲಿನದಾಗುತ್ತದೆ. ಸಹಿ ಹಾಕುವವರಿಗೆ ಒಂದೇ ಬೆಳಿಗ್ಗೆ ಏಳೆಂಟು ಸಮ್ಮರಿ. ಅವರು ಓದುವುದು ಕೊನೆಯ ಪುಟದ ಔಷಧಿ ಪಟ್ಟಿ ಮಾತ್ರ. ಆ ಪಟ್ಟಿಯಲ್ಲೂ ಕೃತಕ ಕವಾಟ ಹಾಕಿಸಿಕೊಂಡವರ ಅಸಿಟ್ರೋಮ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಸಾಲು ಎಲ್ಲಕ್ಕಿಂತ ಅಪಾಯದ್ದು. “ಸೋಮ, ಬುಧ, ಶುಕ್ರ 2 ಮಿಲಿಗ್ರಾಂ, ಉಳಿದ ದಿನ 1 ಮಿಲಿಗ್ರಾಂ” ಎಂಬ ಇಂಗ್ಲಿಷ್ ಸಾಲು ಊರಿಗೆ ಹೋದ ಮೇಲೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಚೆನ್ನಾಗಿ ಕಲಿತ ಪಿಎ ಅದನ್ನು ಕನ್ನಡದಲ್ಲಿ, ವಾರದ ಏಳೂ ದಿನದ ಹೆಸರಿನ ಮುಂದೆ ಮಾತ್ರೆಯ ಬಣ್ಣ ಬರೆದು ಕೊಡುತ್ತಾಳೆ. ಮಹಾಪಧಮನಿಯ ಕವಾಟವಾದರೆ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ 2ರಿಂದ 3, ಮೈಟ್ರಲ್ ಆದರೆ 2.5ರಿಂದ 3.5 ಇರಬೇಕೆಂದು ಪುಸ್ತಕದ ಮೇಲೆ ಬರೆಯುತ್ತಾಳೆ. ಸೊಪ್ಪು ಬಿಡಿ ಅನ್ನುವುದಿಲ್ಲ, ವಾರಕ್ಕೆ ಎಷ್ಟು ತಿನ್ನುತ್ತಿದ್ದೀರೋ ಅಷ್ಟೇ ತಿನ್ನಿ ಅನ್ನುತ್ತಾಳೆ. ಒಂದು ವಾರ ದಿನಾ ನುಗ್ಗೆಸೊಪ್ಪು, ಮುಂದಿನ ವಾರ ಬರೀ ಬೇಳೆಸಾರು ಅಂತಾದರೆ ಅಂಕಿ ಉಯ್ಯಾಲೆಯಾಡುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರಬೇಡಿ, ಹಲ್ಲು ಕೀಳಿಸುವ ಮುಂಚೆ ಕವಾಟ ಇದೆ ಅಂತ ಹೇಳಿ. ಇದನ್ನೆಲ್ಲ ಹೇಳಲು ಇಪ್ಪತ್ತು ನಿಮಿಷ ಬೇಕು. ಸರ್ಜನ್ನರ ಹತ್ತಿರ ಆ ಇಪ್ಪತ್ತು ನಿಮಿಷ ಇರುವುದಿಲ್ಲ.

ಕಾನೂನು ಎಲ್ಲಿ ನಿಲ್ಲಿಸುತ್ತದೆ

ಇಷ್ಟೆಲ್ಲ ಮಾಡುವವಳು ಒಂದು ಪ್ಯಾರಾಸಿಟಮಾಲ್ ಕೂಡ ತನ್ನ ಹೆಸರಿನಲ್ಲಿ ಬರೆದುಕೊಡುವಂತಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಂ ಪ್ರಕಾರ ವೈದ್ಯರ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದವರು ವೈದ್ಯವೃತ್ತಿ ಮಾಡುವಂತಿಲ್ಲ, ವೈದ್ಯಕೀಯ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಒಂದು ಹೆಜ್ಜೆ ಮುಂದಿಟ್ಟಿತು. ಅದರ ಹತ್ತು ವರ್ಗಗಳಲ್ಲಿ ಒಂದರಲ್ಲಿ, ಪರ್ಫ್ಯೂಷನ್ (ಆಪರೇಷನ್ ವೇಳೆ ಹೃದಯ-ಶ್ವಾಸಕೋಶ ಯಂತ್ರ ನಡೆಸುವವರು) ಮತ್ತು ಡಯಾಲಿಸಿಸ್‌ನವರ ಜೊತೆಗೆ, ಫಿಸಿಷಿಯನ್ ಅಸೋಸಿಯೇಟ್ ಎಂಬ ಹೆಸರಿನಲ್ಲಿ ಪಿಎ ಸೇರಿತು. 2025ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಬಿಡುಗಡೆ ಮಾಡಿದ ಹತ್ತು ವೃತ್ತಿಗಳ ಏಕರೂಪದ ಪಠ್ಯಕ್ರಮದಲ್ಲೂ ಇದಿದೆ. ಅಂದರೆ ವೃತ್ತಿಗೆ ಗುರುತು ಸಿಕ್ಕಿತು, ನೋಂದಣಿಗೆ ದಾರಿಯಾಯಿತು. ಔಷಧಿ ಬರೆಯುವ ಹಕ್ಕು ಬರಲಿಲ್ಲ.

ಹಾಗಿರುವಾಗ ರಾತ್ರಿ ಎರಡಕ್ಕೆ ಪೊಟ್ಯಾಸಿಯಂ 3.4 ಬಂದರೆ ಪಿಎ ಏನು ಮಾಡಬೇಕು? ಶಿಸ್ತಿನ ಘಟಕದಲ್ಲಿ ಇದಕ್ಕೆ ಸರ್ಜನ್ ಮೊದಲೇ ಸಹಿ ಮಾಡಿದ ಸ್ಟ್ಯಾಂಡಿಂಗ್ ಆರ್ಡರ್ ಇರುತ್ತದೆ: ಪೊಟ್ಯಾಸಿಯಂ 4ಕ್ಕಿಂತ ಕಡಿಮೆ, ಮೂತ್ರ ಸರಿಯಾಗಿದೆ, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇದೆ ಎಂದಾದರೆ 20 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಂ ಕ್ಲೋರೈಡ್ ಒಂದು ಗಂಟೆಯಲ್ಲಿ, ಮಾನಿಟರ್ ಮೇಲೆ ಕಣ್ಣಿಟ್ಟು. ಆರ್ಡರಿನ ಹೊರಗಿನ ಮಾತಾದರೆ ಫೋನ್ ಮಾಡಬೇಕು, ಡೋಸನ್ನು ತಿರುಗಿ ಓದಿ ಹೇಳಬೇಕು, ಸಮಯ ಮತ್ತು ವೈದ್ಯರ ಹೆಸರು ಬರೆಯಬೇಕು, ಸಾಮಾನ್ಯವಾಗಿ 24 ಗಂಟೆಯೊಳಗೆ ಅವರ ಸಹಿ ಮಾಡಿಸಿಕೊಳ್ಳಬೇಕು. ಶಿಸ್ತಿಲ್ಲದ ಕಡೆ “ನೀನೇ ನೋಡ್ಕೊಳ್ಳಮ್ಮ, ನಿಂಗೆ ಗೊತ್ತಲ್ಲ” ಎಂಬ ಮಾತಿನ ಮೇಲೆ ರಾತ್ರಿ ಕಳೆಯುತ್ತದೆ. ಎಲ್ಲ ಸರಿ ಹೋದಾಗ ಅದು ನಂಬಿಕೆ. ಏನಾದರೂ ಹೆಚ್ಚುಕಮ್ಮಿಯಾದ ದಿನ ಆ ಮಾತಿಗೆ ಸಾಕ್ಷಿ ಇರುವುದಿಲ್ಲ.

ಆದ್ದರಿಂದ ಕಾಲೇಜು ನೋಡಲು ಹೋದಾಗ ಕಟ್ಟಡ, ಹಾಸ್ಟೆಲ್ ನೋಡಿ ಬರಬೇಡಿ. ಕೋರ್ಸು ಬಹುತೇಕ ಕಡೆ ಮೂರು ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್. ಆ ಕೊನೆಯ ವರ್ಷದಲ್ಲಿ ಇರುವ ವಿದ್ಯಾರ್ಥಿಯೊಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ಓಟಿಯಲ್ಲಿ ನಿಂತು ನೋಡುತ್ತೀರೋ, ಸ್ಕ್ರಬ್ ಆಗಿ (ಕೈ ತೊಳೆದು ಗ್ಲೌಸ್ ಹಾಕಿ) ಆಪರೇಷನ್ನಿಗೆ ಕೈ ಹಚ್ಚುತ್ತೀರೋ? ನೀವು ಬರೆದ ನೋಟನ್ನು ಯಾರು ತಿದ್ದುತ್ತಾರೆ? ಲಾಗ್‌ಬುಕ್ಕಿನಲ್ಲಿ ಸಹಿ ಮಾಡುವವರು ಯಾರು? ಎಷ್ಟು ವಿಭಾಗಕ್ಕೆ ಕಳಿಸುತ್ತಾರೆ, ಇಲ್ಲ ವರ್ಷವಿಡೀ ಬಿಲ್ಲಿಂಗ್ ಕೌಂಟರ್ ಪಕ್ಕ ಪ್ರೀ-ಆಥ್ (ವಿಮೆಯ ಪೂರ್ವಾನುಮತಿ) ಕಾಗದ ತುಂಬಿಸುತ್ತಾರೋ? ಆಸ್ಪತ್ರೆಯಲ್ಲಿ ಡಿಎನ್‌ಬಿ (ಪಿಜಿ ವೈದ್ಯರ) ಸೀಟು ಎಷ್ಟಿವೆ ಎಂಬುದನ್ನೂ ಕೇಳಿ. ಪಿಜಿ ವೈದ್ಯರು ಹೆಚ್ಚಿದಷ್ಟೂ ಓಟಿ ಮೇಜಿನ ಪಕ್ಕ ಪಿಎಗೆ ಜಾಗ ಕಡಿಮೆಯಾಗುತ್ತದೆ. ಇದು ಯಾರ ತಪ್ಪೂ ಅಲ್ಲ, ಮೇಜಿನ ಸುತ್ತ ನಿಲ್ಲಬಹುದಾದವರೇ ಮೂರು-ನಾಲ್ಕು ಮಂದಿ. ಬರೆಯುವುದು, ಬರೆದು ಬೈಸಿಕೊಳ್ಳುವುದು, ಹೊಲಿಯುವುದು ಇಷ್ಟೂ ಸಿಗುವ ಕಡೆ ಸೇರಿದರೆ ನಾಲ್ಕು ವರ್ಷ ಸಾರ್ಥಕ. ಇಲ್ಲದಿದ್ದರೆ ಬಿಎಸ್ಸಿ ನರ್ಸಿಂಗ್ ಮಾಡುವುದು ಎಷ್ಟೋ ಮೇಲು. ಅದಕ್ಕೆ ಸರ್ಕಾರಿ ಹುದ್ದೆಗಳೂ ಇವೆ, ಹೊರದೇಶದ ದಾರಿಯೂ ತುಳಿದು ಗಟ್ಟಿಯಾಗಿದೆ.

ಅಮೆರಿಕದ ಪಿಎ ಬೇರೆ

ಈಗ ಮೂರನೆಯ ಅಂತೆಗೆ ಬರೋಣ. ಅಮೆರಿಕದಲ್ಲಿ ಈ ವೃತ್ತಿ 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಡಾ. ಯೂಜೀನ್ ಸ್ಟೆಡ್ ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿ ಪಳಗಿದ್ದ ನಾಲ್ವರನ್ನು ಸೇರಿಸಿಕೊಂಡರು. 1967ರಲ್ಲಿ ಮೂವರು ಹೊರಬಂದರು. ಅಲ್ಲಿಂದ ಪರೀಕ್ಷೆ, ರಾಜ್ಯಗಳ ಲೈಸೆನ್ಸು, ಔಷಧಿ ಬರೆಯುವ ಹಕ್ಕು ಒಂದೊಂದಾಗಿ ಬಂದವು. ಇಂದು ಅಲ್ಲಿನ ಪಿಎ ರೋಗಿಯನ್ನು ನೋಡಿ ತನ್ನ ಹೆಸರಲ್ಲೇ ಔಷಧಿ ಬರೆಯುತ್ತಾನೆ. ನಿಯಂತ್ರಿತ ಔಷಧಿಗಳಿಗೆ ಡಿಇಎ (ಅಲ್ಲಿನ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ ಬೇಕು. ವೈದ್ಯರ ಜೊತೆಗಿನ ಒಪ್ಪಂದ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅವನ ಕೆಲಸದ ಬೆಲೆ ದಶಾಂಶದವರೆಗೆ ಬರೆದಿಟ್ಟಿದೆ: ಮೆಡಿಕೇರ್ (ಹಿರಿಯರಿಗಿರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ವೈದ್ಯರಿಗೆ ಕೊಡುವುದರಲ್ಲಿ ಶೇ. 85 ಪಿಎಗೆ; ಆಪರೇಷನ್ನಿನಲ್ಲಿ ಸಹಾಯಕ್ಕೆ ನಿಂತ ವೈದ್ಯರಿಗೆ ಸರ್ಜನ್ ಶುಲ್ಕದ ಶೇ. 16, ಪಿಎ ನಿಂತರೆ ಅದರ ಶೇ. 85, ಅಂದರೆ ಶೇ. 13.6. ನಮ್ಮ ಪಿಎ ಗಂಟೆಗಟ್ಟಲೆ ಕೂತು ಬಿಡಿಸಿದ ಕಾಲಿನ ನಾಳ “ಪ್ಯಾಕೇಜ್” ಎಂಬ ಒಂದೇ ಸಾಲಿನಲ್ಲಿ ಕರಗಿಹೋಗುತ್ತದೆ. ಸಂಬಳದ ಅಂತರಕ್ಕೆ ದೇಶದ ಸಿರಿತನವೊಂದೇ ಕಾರಣವಲ್ಲ, ಈ ಲೆಕ್ಕದ ಸಾಲೂ ಕಾರಣ. 2023ರಲ್ಲಿ ಅಲ್ಲಿನ ಪಿಎಗಳ ಮಧ್ಯಮ ವಾರ್ಷಿಕ ಸಂಬಳ 1,30,020 ಡಾಲರ್.

ಆದರೆ ನಮ್ಮ ಬಿಎಸ್ಸಿ ಪಿಎ ಪದವಿ ಹಿಡಿದು ಹೋಗಿ ಅಲ್ಲಿ ಪಿಎ ಆಗಲು ಬರುವುದಿಲ್ಲ. ಪಿಎ ಆಗಲು ಬರೆಯಬೇಕಾದ ಅಲ್ಲಿನ ಪ್ಯಾನ್ಸ್ ಪರೀಕ್ಷೆಗೆ ಕೂರಲು ಎಆರ್‌ಸಿ-ಪಿಎ ಎಂಬ ಸಂಸ್ಥೆಯ ಮಾನ್ಯತೆ ಪಡೆದ ಅಮೆರಿಕದ ಕೋರ್ಸನ್ನೇ ಮುಗಿಸಿರಬೇಕು. ನಮ್ಮ ಎಂಬಿಬಿಎಸ್ ಆದವರಿಗೂ ಇದೇ ನಿಯಮ; ರೆಸಿಡೆನ್ಸಿ (ಅಲ್ಲಿ ವೈದ್ಯರಾಗಲು ಬೇಕಾದ ಆಸ್ಪತ್ರೆ ತರಬೇತಿ) ಸಿಗದ ವೈದ್ಯರು “ಹಾಗಾದ್ರೆ ಪಿಎ ಪರೀಕ್ಷೆ ಬರೆದುಬಿಡೋಣ” ಎಂದುಕೊಳ್ಳುವಂತಿಲ್ಲ. ಅಲ್ಲಿನದು ಪದವಿಯ ಮೇಲಿನ ಸ್ನಾತಕೋತ್ತರ ಕೋರ್ಸು, ಹೆಚ್ಚಿನ ಕಡೆ 24ರಿಂದ 27 ತಿಂಗಳು: ಮೊದಲ ವರ್ಷ ಪಾಠ, ಆಮೇಲೆ ಫ್ಯಾಮಿಲಿ ಮೆಡಿಸಿನ್, ಎಮರ್ಜೆನ್ಸಿ, ಸರ್ಜರಿ, ಮಕ್ಕಳು, ಸ್ತ್ರೀರೋಗ, ಮಾನಸಿಕ ಆರೋಗ್ಯ ಹೀಗೆ ಸುತ್ತು. ಪ್ಯಾನ್ಸ್‌ನಲ್ಲಿ 300 ಪ್ರಶ್ನೆ, ಅರವತ್ತರ ಐದು ಕಂತು, ಪ್ರತಿ ಕಂತಿಗೆ ಒಂದು ಗಂಟೆ. ಪಾಸಾದ ಮೇಲೂ ಎರಡು ವರ್ಷಕ್ಕೊಮ್ಮೆ ನೂರು ಗಂಟೆಯ ಮುಂದುವರಿದ ಕಲಿಕೆ ತೋರಿಸುತ್ತಿರಬೇಕು.

ಈ ದಾರಿ ನಿಜವಾಗಿ ತೆರೆದಿರುವುದು ಅಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ, ಮತ್ತು ಇಲ್ಲಿ ಬಿಡಿಎಸ್, ಬಿಪಿಟಿ, ಬಿಫಾರ್ಮ್ ಮುಗಿಸಿ ಗಂಡನ ಜೊತೆಗೋ ಹೆಂಡತಿಯ ಜೊತೆಗೋ ಹೋಗಿ ನೆಲೆಸಿದವರಿಗೆ. ಎರಡನೆಯವರು ಎಡವುವ ಜಾಗಗಳು ಗೊತ್ತಿರುವಂಥವೇ. ಬಹುಪಾಲು ಕಾಲೇಜುಗಳಿಗೆ ಅರ್ಜಿ ಹೋಗುವುದು ಕಾಸ್ಪಾ ಎಂಬ ಒಂದೇ ಕಿಂಡಿಯಿಂದ. ಇಲ್ಲಿನ ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಬೇಕು, ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಲಕೋಟೆ ತರಿಸುವುದಕ್ಕೇ ತಿಂಗಳುಗಳು ಹಿಡಿಯಬಹುದು. ಇಲ್ಲಿ ಓದಿದ ಅನಾಟಮಿ, ಮೈಕ್ರೊಬಯಾಲಜಿಯನ್ನು ಅನೇಕ ಕಾಲೇಜುಗಳು ಒಪ್ಪದೆ ಅಲ್ಲಿಯ ಕಮ್ಯುನಿಟಿ ಕಾಲೇಜಿನಲ್ಲಿ ಲ್ಯಾಬ್ ಸಮೇತ ಮತ್ತೆ ಓದಿ ಬನ್ನಿ ಎನ್ನುತ್ತವೆ. ವಿದೇಶಿ ಅಂಕಗಳು ಕಾಸ್ಪಾ ಜಿಪಿಎ (ಸರಾಸರಿ ಗ್ರೇಡ್) ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಆ ಏಳೆಂಟು ವಿಷಯಗಳೇ ನಿಮ್ಮ ಪೂರ್ತಿ ಜಿಪಿಎ. ಒಂದು ಸಿ ಬಂದರೆ ಲೆಕ್ಕ ಪಾತಾಳಕ್ಕೆ. ಮರಳಿ ಓದಿ ಎ ತೆಗೆದರೂ ಹಳೆಯ ಸಿ ಅಳಿಯುವುದಿಲ್ಲ, ಎರಡೂ ಎಣಿಕೆಯಾಗುತ್ತವೆ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ವಿಷಯ ಒಟ್ಟಿಗೆ ಹೊತ್ತುಕೊಳ್ಳದೆ ಎರಡಕ್ಕೇ ನಿಲ್ಲುವುದು ಒಳ್ಳೆಯದು.

ಅದಕ್ಕಿಂತ ದೊಡ್ಡ ಗೋಡೆ ರೋಗಿಯ ಆರೈಕೆಯ ಗಂಟೆಗಳು. ಕೆಲವು ಕಾಲೇಜು 500 ಸಾಕು ಎಂದರೆ ಕೆಲವು 2000 ಕೇಳುತ್ತವೆ. ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಕೆಲವೇ ವಾರಗಳದು, ಕೇಂದ್ರ ನಿಯಮದ ಕನಿಷ್ಠ 75 ಗಂಟೆ. ಆದರೆ ದಂತವೈದ್ಯೆಯಾಗಿದ್ದವರು ಮುದುಕರ ಮೈ ತೊಳೆಸುವ, ಬೆಡ್‌ಪ್ಯಾನ್ ಎತ್ತುವ ಕೆಲಸಕ್ಕೆ ಮನಸ್ಸು ಮಾಡಬೇಕು. ಮನೆಯವರಿಗೆ ಇದು ನುಂಗಲಾರದ ತುತ್ತು. ಪ್ರವೇಶ ಸಮಿತಿಗೆ ಬೇಕಾದದ್ದು ಇದೇ. ವೈದ್ಯರ ಪಕ್ಕ ಕೂತು ಟೈಪ್ ಮಾಡುವ ಸ್ಕ್ರೈಬ್ ಕೆಲಸವನ್ನು ಎಷ್ಟೋ ಕಡೆ ಕೆಳದರ್ಜೆಯ ಅನುಭವವೆಂದು ಎಣಿಸುತ್ತಾರೆ. ಎಚ್-4 ವೀಸಾದಲ್ಲಿ (ಎಚ್-1ಬಿಯವರ ಸಂಗಾತಿಯಾಗಿ) ಇದ್ದು ಇಎಡಿ ಎಂಬ ಕೆಲಸದ ಪರವಾನಗಿ ಇಲ್ಲದಿದ್ದರೆ ಸಂಬಳದ ಕೆಲಸವೇ ಮಾಡುವಂತಿಲ್ಲ, ಅಲ್ಲಿಗೆ ಈ ಗಂಟೆಗಳ ಲೆಕ್ಕವೇ ನಿಂತುಹೋಗುತ್ತದೆ. ಹಣದ ಮಾತಿಗೆ ಬಂದರೆ, ಗ್ರೀನ್ ಕಾರ್ಡ್ ಅಥವಾ ಪೌರತ್ವ ಇಲ್ಲದವರಿಗೆ ಸಾಮಾನ್ಯವಾಗಿ ಸರ್ಕಾರಿ ವಿದ್ಯಾರ್ಥಿ ಸಾಲ ಇಲ್ಲ. ಇದ್ದವರಿಗೂ 2026ರ ಜುಲೈ 1ರಿಂದ ಹೊಸದಾಗಿ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಸಿಗುವುದಿಲ್ಲ, ಉಳಿದ ಸರ್ಕಾರಿ ಸಾಲದ ಮಿತಿ ಮುಗಿದ ಮೇಲೆ ಬ್ಯಾಂಕಿನ ಬಾಗಿಲೇ ಗತಿ. ಅರ್ಜಿಯ ಬಾಗಿಲು ಪ್ರತಿವರ್ಷ ಏಪ್ರಿಲ್ ಕೊನೆಗೆ ತೆರೆಯುತ್ತದೆ. ಬಂದ ಹಾಗೆ ನೋಡಿ ಸೀಟು ತುಂಬಿಸುವ ಕಾಲೇಜುಗಳೇ ಹೆಚ್ಚಾದ್ದರಿಂದ ಕೊನೆಯ ದಿನಾಂಕ ಕಾಯುವುದು ದಡ್ಡತನ.

ಇಷ್ಟೆಲ್ಲ ದಾಟಿ ಮೊದಲ ಕೆಲಸದ ಕರಾರುಪತ್ರ ಕೈಗೆ ಬಂದಾಗ ಎಲ್ಲರ ಕಣ್ಣೂ ಸಂಬಳದ ಸಾಲಿಗೆ ಹೋಗುತ್ತದೆ. ಅದಕ್ಕೂ ಮೊದಲು ಮಾಲ್‌ಪ್ರಾಕ್ಟೀಸ್ ವಿಮೆಯ (ಚಿಕಿತ್ಸೆಯ ತಪ್ಪಿನ ದಾವೆಯಿಂದ ಕಾಯುವ ವಿಮೆ) ಸಾಲು ಓದಬೇಕು. ಅದು ಅಕರೆನ್ಸ್ ಮಾದರಿಯದಾದರೆ ಕೆಲಸ ಬಿಟ್ಟ ಮೇಲೆ ಬರುವ ದಾವೆಗೂ ರಕ್ಷಣೆ ಇರುತ್ತದೆ. ಕ್ಲೇಮ್ಸ್-ಮೇಡ್ ಮಾದರಿಯದಾದರೆ ದಾವೆ ಹೂಡುವ ದಿನವೂ ಪಾಲಿಸಿ ಜಾರಿಯಲ್ಲಿರಬೇಕು. ಕೆಲಸ ಬಿಟ್ಟವರು ಟೇಲ್ ಕವರೇಜ್ ಎಂದು ಬೇರೆ ಕೊಳ್ಳಬೇಕಾಗುತ್ತದೆ, ಅದಕ್ಕೆ ವರ್ಷದ ಕಂತಿಗಿಂತ ಹೆಚ್ಚು ದುಡ್ಡು. ಆ ಖರ್ಚು ಮಾಲೀಕರದೋ ನಿಮ್ಮದೋ ಎಂಬುದು ಕರಾರಿನಲ್ಲಿ ಇಲ್ಲದಿದ್ದರೆ, ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.